ಕಿರ್ದಿ, ಖಾತೆ ಮತ್ತು ಏಳನೆಯ ಕಾಲಮ್

ಮೇ ತಿಂಗಳ ಜಿಎಸ್‌ಟಿ 3ಬಿ ರಿಟರ್ನ್, ಎಂದರೆ ಆ ತಿಂಗಳ ತೆರಿಗೆಯ ಲೆಕ್ಕ ಕೊಟ್ಟು ಹಣ ಕಟ್ಟುವ ಪತ್ರ, ಜೂನ್ 20ರೊಳಗೆ ಹೋಗಬೇಕು. ಗುಬ್ಬಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನನ್ನ ಗ್ರಾಹಕರೊಬ್ಬರದು ಎರಡು ವರ್ಷದ ಹಿಂದೆ ಜುಲೈ 9ಕ್ಕೆ ಹೋಯಿತು. ದಿನಕ್ಕೆ 50 ರೂಪಾಯಿಯಂತೆ ಹತ್ತೊಂಬತ್ತು ದಿನದ ವಿಳಂಬ ಶುಲ್ಕ 950, ನಗದಾಗಿ ಕಟ್ಟಬೇಕಿದ್ದ 84,000 ರೂಪಾಯಿ ತೆರಿಗೆಯ ಮೇಲೆ ಶೇಕಡ 18ರ ದರದ ಬಡ್ಡಿ 787, ಒಟ್ಟು 1,737 ರೂಪಾಯಿ. ತಪ್ಪು ನನ್ನದಾದ್ದರಿಂದ ಆ ಹಣವನ್ನು ನಾನೇ ಕಟ್ಟಿದೆ. ಅವರು, “ಇರ್ಲಿ ಬಿಡಿ ಸಾರ್, ಯಾರಿಗಾದ್ರೂ ಆಗುತ್ತೆ” ಎಂದರು. ಬೈದಿದ್ದರೆ ಇಷ್ಟು ದಿನ ಮನಸ್ಸಿನಲ್ಲಿ ಉಳಿಯುತ್ತಿರಲಿಲ್ಲವೇನೋ.

ಅದು ಹೇಗೆ ತಪ್ಪಿಹೋಯಿತೆಂದು ಕುಳಿತು ಹುಡುಕಿದಾಗ ಕಂಡದ್ದು ಇಷ್ಟು. ಬಿಲ್ಲುಗಳು ಜೂನ್ 12ಕ್ಕೇ ಬಂದಿದ್ದವು. 16ರಂದು ಲೆಕ್ಕ ಮುಗಿಸಿ, ತೆರಿಗೆ ಕಟ್ಟುವ ಚಲನ್ ತೆಗೆದು ಅವರಿಗೆ ಕಳುಹಿಸಿ, ಡೈರಿಯಲ್ಲಿ ಅವರ ಹೆಸರಿನ ಮುಂದೆ ಸರಿ ಗುರುತು ಹಾಕಿದ್ದೆ. 18ರಂದು ಅವರಿಂದ ಒಂದು ಧ್ವನಿ ಸಂದೇಶ ಬಂತು: ಖರೀದಿ ಬಿಲ್ಲೊಂದರ ತೆರಿಗೆಯನ್ನು ಕಳೆದಿಲ್ಲ, ನೋಡಿ ಹೊಸ ಚಲನ್ ಕಳುಹಿಸಿ. ಆ ಸಂದೇಶವನ್ನು ಕ್ಯಾತ್ಸಂದ್ರದ ಬಳಿ ಸ್ಕೂಟರ್ ನಿಲ್ಲಿಸಿಕೊಂಡು ಕೇಳಿದೆ, ಕಚೇರಿಗೆ ಹೋದ ಮೇಲೆ ನೋಡೋಣವೆಂದು ಫೋನನ್ನು ಜೇಬಿಗೆ ಹಾಕಿದೆ, ಅಷ್ಟೇ. ನಾನು ಹೊಸ ಚಲನ್ ಕಳುಹಿಸುತ್ತೇನೆಂದು ಅವರು ಕಾದರು. ಅವರು ಹಳೆಯ ಚಲನ್ ಕಟ್ಟಿ ತಿಳಿಸುತ್ತಾರೆಂದು ನಾನು ಇದ್ದೆ. ಕೆಲಸ ಇಬ್ಬರ ನಡುವೆ ಎಲ್ಲಿಯೋ ನಿಂತಿತ್ತು, ನನ್ನ ಡೈರಿಯಲ್ಲಿ ಮಾತ್ರ ಮುಗಿದಿತ್ತು.

ನಾನು ತುಮಕೂರಿನಲ್ಲಿ ತೆರಿಗೆ ಸಲಹೆಗಾರ. ಬಿ.ಎಚ್. ರಸ್ತೆಯ ಪಕ್ಕದ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಎರಡು ಮೇಜಿನ ಕಚೇರಿ, ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳು ಜೊತೆಗಿದ್ದಾಳೆ. ನಮ್ಮ ವೃತ್ತಿಯಲ್ಲಿ ಗ್ರಾಹಕರನ್ನು ‘ಪಾರ್ಟಿ’ ಎಂದೇ ಕರೆಯುತ್ತೇವೆ. ಅಂಥ ಪಾರ್ಟಿಗಳು 64. ಅವರಲ್ಲಿ 41 ಮಂದಿ ಪ್ರತಿ ತಿಂಗಳೂ ರಿಟರ್ನ್ ಹಾಕುವವರು, 17 ಮಂದಿ ಮೂರು ತಿಂಗಳಿಗೊಮ್ಮೆ ಹಾಕುವವರು, ಉಳಿದ ಆರು ಮಂದಿ ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆ ಕಟ್ಟುವ ಕಾಂಪೊಸಿಷನ್‌ನಲ್ಲಿರುವ ಸಣ್ಣ ವ್ಯಾಪಾರಿಗಳು. ವ್ಯಾಟ್ ಇದ್ದ ಕಾಲದಲ್ಲಿ ತಿಂಗಳ 20ನೇ ತಾರೀಕೊಂದನ್ನು ನೆನಪಿಟ್ಟುಕೊಂಡರೆ ಬಹುಮಟ್ಟಿಗೆ ಸಾಕಾಗುತ್ತಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಪಂಚಾಂಗವೇ ಬದಲಾಯಿತು. 7ಕ್ಕೆ ಟಿಡಿಎಸ್ (ಪಾವತಿ ಮಾಡುವಾಗಲೇ ಹಿಡಿದುಕೊಂಡ ಆದಾಯ ತೆರಿಗೆ) ಹಣ, 11ಕ್ಕೆ ಮಾರಾಟದ ವಿವರದ ಜಿಎಸ್‌ಟಿಆರ್-1, ಮೂರು ತಿಂಗಳಿನವರು ನಡುವಿನ ತಿಂಗಳುಗಳಲ್ಲಿ ಬಿಲ್ ಏರಿಸುವುದಾದರೆ 13, ಖರೀದಿಯ ತೆರಿಗೆಯನ್ನು ತಾಳೆ ನೋಡುವ 2ಬಿ ಪಟ್ಟಿ ಸಿಗುವುದು 14ಕ್ಕೆ, ತಿಂಗಳಿನವರ 3ಬಿ 20ಕ್ಕೆ, ನಮ್ಮ ರಾಜ್ಯದ ಮೂರು ತಿಂಗಳಿನವರದು 22ಕ್ಕೆ, ಕಾಂಪೊಸಿಷನ್‌ನವರ ಸಿಎಂಪಿ-08 ತ್ರೈಮಾಸಿಕ ಮುಗಿದ ಮೇಲೆ 18ಕ್ಕೆ. ಇವುಗಳ ಮೇಲೆ ಮುಂಗಡ ತೆರಿಗೆ, ಟಿಡಿಎಸ್ ರಿಟರ್ನ್, ಆದಾಯ ತೆರಿಗೆ. ಇಷ್ಟನ್ನೂ ನಾನು ಒಂದು ಡೈರಿ, ಮಾನಿಟರಿನ ಅಂಚಿಗೆ ಅಂಟಿಸಿದ ಹಳದಿ ಚೀಟಿಗಳು ಮತ್ತು ನನ್ನ ತಲೆ, ಈ ಮೂರರಲ್ಲಿ ಇಟ್ಟುಕೊಂಡು ನಡೆಸುತ್ತಿದ್ದೆ. ಗುಬ್ಬಿಯ ಪ್ರಕರಣವಾದ ಮೇಲೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದು ವ್ಯವಸ್ಥೆಗೆ ತರಬೇಕೆಂದು ನಿಶ್ಚಯಿಸಿದೆ. ಆ ವ್ಯವಸ್ಥೆ ಈಗಿರುವ ರೂಪಕ್ಕೆ ಬರಲು ಸುಮಾರು ಹದಿನಾಲ್ಕು ತಿಂಗಳು ಹಿಡಿಯಿತು.

ಮೊದಲು ಕೈಹಾಕಿದ್ದು ಗೂಗಲ್ ಕ್ಯಾಲೆಂಡರಿಗೆ. ಪ್ರತಿ ಪಾರ್ಟಿಗೂ ಪ್ರತಿ ರಿಟರ್ನಿಗೂ ಒಂದೊಂದು ನೆನಪೋಲೆಯನ್ನು, ತಿಂಗಳು ತಿಂಗಳೂ ತಾನಾಗಿ ಮರುಕಳಿಸುವಂತೆ, ಎರಡು ಭಾನುವಾರ ಕುಳಿತು ತುಂಬಿಸಿದೆ. 11ನೇ ತಾರೀಕು ಬೆಳಿಗ್ಗೆ ಒಂಬತ್ತಕ್ಕೆ ಫೋನು ಬಡಿದುಕೊಳ್ಳತೊಡಗಿದರೆ ಮಹಾಮಂಗಳಾರತಿಯ ಹೊತ್ತಿನ ದೇವಸ್ಥಾನವೇ ಸರಿ. ನಲವತ್ತೊಂದು ನೆನಪೋಲೆಗಳು ಒಟ್ಟಿಗೆ ಬಂದಾಗ ಮನುಷ್ಯ ಮಾಡುವುದು ಒಂದೇ ಕೆಲಸ, ಎಲ್ಲವನ್ನೂ ಒಂದೇ ಸಲಕ್ಕೆ ಬೆರಳಿನಿಂದ ಪಕ್ಕಕ್ಕೆ ಸರಿಸುವುದು. ಎರಡನೆಯ ತಿಂಗಳಿಗೆ ಆ ಶಬ್ದವೇ ಕಿವಿಗೆ ಬೀಳದಂತಾಯಿತು. ತಾರೀಕು ಎಲ್ಲರಿಗೂ ಒಂದೇ, ಬೇರೆಯಾಗಿರುವುದು ಪ್ರತಿಯೊಬ್ಬರ ಸ್ಥಿತಿ. ಸ್ಥಿತಿಯನ್ನು ಹೇಳಲಾರದ ಸಾಧನದ ಬಾಯಲ್ಲಿ ನಾನು ಅದನ್ನು ಹೇಳಿಸಲು ಹೊರಟಿದ್ದೆ. ಈಗ ಕ್ಯಾಲೆಂಡರಿನಲ್ಲಿ ತಿಂಗಳಿಗೆ ಇರುವುದು ಹೆಚ್ಚೆಂದರೆ ಹತ್ತು ನಮೂದು. ಅವುಗಳಲ್ಲೂ ಕೊನೆಯ ದಿನವನ್ನು ಬರೆಯುವುದಿಲ್ಲ, ಕೆಲಸ ಆರಂಭಿಸಬೇಕಾದ ದಿನವನ್ನು ಬರೆಯುತ್ತೇನೆ. 20ನೇ ತಾರೀಕಿನ 3ಬಿಗೆ ನನ್ನ ಗಂಟೆ 15ಕ್ಕೆ ಹೊಡೆಯುತ್ತದೆ. 14ಕ್ಕೆ 2ಬಿ ಬರುವುದರಿಂದ ಅದಕ್ಕಿಂತ ಮೊದಲು ಹೊಡೆದರೂ ಪ್ರಯೋಜನವಿಲ್ಲ.

ಎರಡನೆಯದು ನನ್ನ ಸೋದರಳಿಯ ತೋರಿಸಿಕೊಟ್ಟ ನೋಷನ್ ಎಂಬ ಟಿಪ್ಪಣಿ ಆ್ಯಪ್. ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ತನ್ನ ಬದುಕನ್ನೆಲ್ಲ ಅದರಲ್ಲೇ ಇಟ್ಟಿದ್ದಾನೆ. ನಿಜಕ್ಕೂ ಚೆಲುವಾದ ಸಾಧನ. ಪ್ರತಿ ಪಾರ್ಟಿಗೆ ಒಂದು ಪುಟ, ಪುಟದ ಮೇಲೊಂದು ಚಿತ್ರ, ಅದರೊಳಗೆ ಪಟ್ಟಿ, ಪಟ್ಟಿಗೆ ಬಣ್ಣ. ಅಡಿಕೆ ವ್ಯಾಪಾರಿಗಳಿಗೆ ಮರದ ಚಿಹ್ನೆ, ಗ್ರಾನೈಟಿನವರಿಗೆ ಬೆಟ್ಟದ ಚಿಹ್ನೆ ಹುಡುಕುತ್ತ ರಾತ್ರಿ ಹನ್ನೊಂದರವರೆಗೆ ಕುಳಿತಿರುತ್ತಿದ್ದೆ. ಮೂರು ವಾರ ಹೀಗೆ ಕಳೆಯಿತು, ಅದೂ ಆದಾಯ ತೆರಿಗೆ ರಿಟರ್ನುಗಳ ಜುಲೈ ತಿಂಗಳಿನಲ್ಲಿ. ಅಷ್ಟು ದಿನವೂ ನಾನು ಬಹಳ ಕೆಲಸ ಮಾಡುತ್ತಿದ್ದೇನೆಂದೇ ಭಾವಿಸಿದ್ದೆನೆಂಬುದನ್ನು ಒಪ್ಪಿಕೊಳ್ಳಬೇಕು. ಒಂದು ಸಂಜೆ ಕೊರಟಗೆರೆ ಕಡೆಯ ಪಾರ್ಟಿಯೊಬ್ಬರ ಮನೆಯಲ್ಲಿ ಕುಳಿತು ಅವರ ಪುಟ ತೆರೆಯಲು ಹೋದಾಗ ಸಿಗ್ನಲ್ ಇಲ್ಲದೆ ಚಕ್ರ ತಿರುಗುತ್ತಲೇ ಇತ್ತು. ಅವರು ಎರಡನೆಯ ಸಲ ಕಾಫಿ ತಂದಿಟ್ಟರು. ಆ ಸಾಧನದ ದೋಷವೆಂದು ನಾನು ಹೇಳಲಾರೆ. ನನ್ನ ಕೆಲಸಕ್ಕೆ ಅಷ್ಟೊಂದು ಕೋಣೆಗಳ ಮನೆ ಬೇಕಿರಲಿಲ್ಲ, ಅಷ್ಟೇ. ಗೂಗಲ್ ಕೀಪ್ ಮುಂತಾದ ಇನ್ನೂ ಕೆಲವನ್ನು ಬಳಸಿ ನೋಡಿ ಕೈಬಿಟ್ಟೆ. ಅವುಗಳ ಕಥೆ ಹೆಚ್ಚಿಲ್ಲ.

ದಾರಿ ಸಿಕ್ಕಿದ್ದು ಮನೆಯಲ್ಲೇ. ನಮ್ಮ ತಂದೆಯವರು ಮಂಡಿಪೇಟೆಯ ಅಡಿಕೆ ಮಂಡಿಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. ಅವರ ಕಾಲದ ಲೆಕ್ಕದಲ್ಲಿ ಪುಸ್ತಕ ಮುಖ್ಯವಾಗಿ ಎರಡು, ಕಿರ್ದಿ ಮತ್ತು ಖಾತೆ. ದಿನವಿಡೀ ನಡೆದದ್ದೆಲ್ಲ ನಡೆದ ಕ್ರಮದಲ್ಲೇ ಮೊದಲು ಕಿರ್ದಿಗೆ ಬೀಳಬೇಕು. ಅದು ಯಾರ ಖಾತೆಗೆ ಹೋಗುತ್ತದೆ, ಯಾವ ಬಾಬತ್ತು ಎಂದು ಆ ಗಳಿಗೆಯಲ್ಲಿ ಯೋಚಿಸುವಂತಿಲ್ಲ. ಎದುರಿಗೆ ಚೀಲ ಇಳಿಯುತ್ತಿರುವಾಗ ಯೋಚಿಸುತ್ತ ಕುಳಿತ ಗುಮಾಸ್ತ ಮುಂದಿನ ಚೀಲವನ್ನು ಬರೆಯುವುದನ್ನೇ ಮರೆಯುತ್ತಾನೆ. ಸಂಜೆ ಪೆಟ್ಟಿಗೆಯ ಹಣವನ್ನು ಎಣಿಸಿ ಶಿಲ್ಕು, ಎಂದರೆ ಉಳಿದ ಹಣ, ತಾಳೆಯಾದ ಮೇಲೆ ಕಿರ್ದಿಯ ಒಂದೊಂದೇ ಸಾಲನ್ನು ಅವರವರ ಖಾತೆಗೆ ಹತ್ತಿಸುವುದು, ಹತ್ತಿಸಿದ ಖಾತೆಯ ಪುಟ ಸಂಖ್ಯೆಯನ್ನು ಕಿರ್ದಿಯ ಆ ಸಾಲಿನ ಪಕ್ಕದಲ್ಲಿ ಬರೆಯುವುದು. ಪುಟ ಸಂಖ್ಯೆ ಇಲ್ಲದ ಸಾಲು ಕಂಡರೆ ಅದು ಇನ್ನೂ ಹತ್ತಿಲ್ಲವೆಂದು ಯಾರು ಬೇಕಾದರೂ ಹೇಳಬಹುದು. ಇದನ್ನೆಲ್ಲ ನಾನು ಕಾಲೇಜಿನಲ್ಲಿ ಇಂಗ್ಲಿಷ್ ಹೆಸರುಗಳಲ್ಲಿ ಓದಿ ಪರೀಕ್ಷೆ ಬರೆದಿದ್ದೆ, ಪಾರ್ಟಿಗಳ ಲೆಕ್ಕಕ್ಕೆ ದಿನವೂ ಬಳಸುತ್ತಲೂ ಇದ್ದೆ. ನನ್ನ ಸ್ವಂತ ಕೆಲಸಗಳಿಗೆ ಮಾತ್ರ ಕಿರ್ದಿಯೇ ಇರಲಿಲ್ಲ. ಬಂದದ್ದನ್ನು ಬಂದ ಕ್ಷಣದಲ್ಲೇ ಖಾತೆಗೆ ಹಾಕಲು ಹೋಗುತ್ತಿದ್ದೆ, ಸಮಯವಿಲ್ಲದಿದ್ದರೆ ಎಲ್ಲಿಯೂ ಹಾಕುತ್ತಿರಲಿಲ್ಲ.

ಕಿರ್ದಿಯಾಗಿ ನಾನು ಆರಿಸಿಕೊಂಡದ್ದು ವಾಟ್ಸ್‌ಆಪ್‌ನಲ್ಲಿ ತನಗೆ ತಾನೇ ಸಂದೇಶ ಕಳುಹಿಸಿಕೊಳ್ಳುವ ಸೌಲಭ್ಯವನ್ನು. 2022ರ ಕೊನೆಯಲ್ಲಿ ಅದು ಬಂದಾಗ, ತನ್ನೊಡನೆ ತಾನೇ ಮಾತನಾಡಿಕೊಳ್ಳುವವರಿಗೆ ಎಂದು ನಕ್ಕಿದ್ದೆ. ಆದರೆ ನನ್ನ ಕೆಲಸಗಳಲ್ಲಿ ಬಹುಪಾಲು ಬರುವುದೇ ಆ ಬಾಗಿಲಿನಿಂದ: ಬಿಲ್ಲಿನ ಫೋಟೊ, ಬ್ಯಾಂಕಿನ ಪಿಡಿಎಫ್, ಧ್ವನಿ ಸಂದೇಶ. ಬಂದದ್ದನ್ನು ಅಲ್ಲಿಂದಲೇ ನನ್ನ ಕಿರ್ದಿಗೆ ದಾಟಿಸಲು ಎರಡು ಬೆರಳಿನ ಕೆಲಸ ಸಾಕು. ಯಾರಾದರೂ ಫೋನಿನಲ್ಲಿ ಹೇಳಿದರೆ, ಅಶೋಕ ರಸ್ತೆಯಲ್ಲಿ ಎದುರಾಗಿ ಹೇಳಿದರೆ, ಅಲ್ಲೇ ನಿಂತು ಫೋನಿನ ಜಿಬೋರ್ಡ್ ಕೀಲಿಮಣೆಯ ಕನ್ನಡ ಧ್ವನಿ ಬೆರಳಚ್ಚಿನಲ್ಲಿ ಒಂದು ವಾಕ್ಯ ಹೇಳಿಬಿಡುತ್ತೇನೆ. ಅದು ನನ್ನ ಮಾತನ್ನು ಆಗಾಗ ತಪ್ಪಾಗಿ ಕೇಳಿಸಿಕೊಳ್ಳುತ್ತದೆ, ಮುಖ್ಯವಾಗಿ ಕನ್ನಡದ ನಡುವೆ ‘ಇನ್‌ಪುಟ್’ ‘ಚಲನ್’ ಬಂದಾಗ. ಸಂಜೆಯವರೆಗೆ ನೆನಪು ಹಿಡಿಯಲು ಅಷ್ಟು ಸಾಕು. ಸಂಜೆ ಐದೂವರೆಗೆ ಆ ಸಂದೇಶಗಳನ್ನು ಒಂದೊಂದಾಗಿ ಖಾತೆಗೆ ಹತ್ತಿಸಿ, ಹತ್ತಿಸಿದ್ದನ್ನು ಅಳಿಸುತ್ತೇನೆ. ತಂದೆಯವರ ಪುಟ ಸಂಖ್ಯೆಯ ಬದಲು ನನ್ನಲ್ಲಿ ಇರುವುದು ಖಾಲಿ ಪರದೆ.

ಖಾತೆಯೆಂದರೆ ಗೂಗಲ್ ಶೀಟ್ಸ್‌ನ ಒಂದು ಹಾಳೆ. ತಿಂಗಳಿಗೊಂದು, ಪಾರ್ಟಿಗೊಂದು ಸಾಲು, ರಿಟರ್ನಿಗೊಂದು ಕಾಲಮ್. ಫೋನಿನಲ್ಲಿ ಆಫ್‌ಲೈನ್ ಸಿಗುವಂತೆ ಗುರುತು ಮಾಡಿಟ್ಟರೆ ಕೊರಟಗೆರೆಯಲ್ಲೂ ತೆರೆಯುತ್ತದೆ. ಆರಂಭದಲ್ಲಿ ಹಾಳೆಯ ಪ್ರತಿ ಚೌಕದಲ್ಲೂ ‘ಆಗಿದೆ’, ‘ಆಗಿಲ್ಲ’ ಎಂಬ ಎರಡೇ ಪದ ಇಟ್ಟಿದ್ದೆ. ಎರಡು ತಿಂಗಳು ನಡೆಸಿದ ಮೇಲೆ ಗೊತ್ತಾಯಿತು, 18ನೇ ತಾರೀಕಿನಂದು ಮೂವತ್ತು ಸಾಲುಗಳು ‘ಆಗಿಲ್ಲ’ ಎಂದು ಕೆಂಪಾಗಿ ನಿಂತಿರುತ್ತವೆ, ಆದರೆ ಅವುಗಳಲ್ಲಿ ನಾನು ಕೈಹಾಕಬಹುದಾದವು ಎಷ್ಟೆಂದು ಹಾಳೆ ಹೇಳುವುದಿಲ್ಲ. ಆದ್ದರಿಂದ ದಿನವೂ ಬೆಳಿಗ್ಗೆ ಜೊತೆಗಿರುವ ಹುಡುಗಿಯನ್ನು ಕೇಳುತ್ತಿದ್ದೆ, ತಿಪಟೂರಿನ ಕೊಬ್ಬರಿಯವರದು ಯಾರ ಹತ್ತಿರ ಇದೆ, ಶಿರಾದವರದು ಯಾರ ಹತ್ತಿರ ಇದೆ. ಒಂದು ದಿನ ಅವಳೇ ಹೇಳಿದಳು: “ಸಾರ್, ದಿನಾ ನೀವು ಕೇಳೋದು ಇದೊಂದೇ. ಇದನ್ನೇ ಒಂದು ಕಾಲಮ್ ಮಾಡಿಬಿಡೋಣ.”

ಹಾಗೆ ಬಂದದ್ದು ಏಳನೆಯ ಕಾಲಮ್. ಅದರ ತಲೆಬರಹ ‘ಯಾರ ಹತ್ತಿರ’. ಅದರಲ್ಲಿ ಐದೇ ಪದಗಳನ್ನು ಆರಿಸಬಹುದು: ಪಾರ್ಟಿ, ನಾವು, ಚಲನ್, ಓಟಿಪಿ, ಮುಗಿಯಿತು. ಬಿಲ್ಲು ಬರಬೇಕಿದ್ದರೆ ‘ಪಾರ್ಟಿ’. ಬಿಲ್ಲು ಬಂದು ಲೆಕ್ಕವಾಗಬೇಕಿದ್ದರೆ ‘ನಾವು’. ಚಲನ್ ಕಳುಹಿಸಿ ಹಣ ಬೀಳುವುದನ್ನು ಕಾಯುತ್ತಿದ್ದರೆ ‘ಚಲನ್’. ಎಲ್ಲ ಮುಗಿದು ಅವರ ಫೋನಿಗೆ ಹೋಗುವ ಸಂಖ್ಯೆಯೊಂದು ಬಾಕಿಯಿದ್ದರೆ ‘ಓಟಿಪಿ’. ಪಕ್ಕದ ಎಂಟನೆಯ ಕಾಲಮ್‌ನಲ್ಲಿ ಆ ಸ್ಥಿತಿ ಎಂದಿನಿಂದ ಇದೆಯೆಂಬ ತಾರೀಕು, ಒಂಬತ್ತನೆಯದರಲ್ಲಿ ಇಂದಿನ ತಾರೀಕಿನಿಂದ ಅದನ್ನು ಕಳೆಯುವ ಒಂದು ಸಣ್ಣ ಸೂತ್ರ. ದಿನಗಳು ಮೂರು ದಾಟಿದರೆ ಸಾಲು ಹಳದಿಯಾಗುತ್ತದೆ. ಗುಬ್ಬಿಯವರ ಪ್ರಕರಣ ಇಂದು ನಡೆದಿದ್ದರೆ 16ರಂದು ಅವರ ಸಾಲು ‘ಚಲನ್’ ಎಂದಾಗುತ್ತಿತ್ತು, 18ರ ಸಂಜೆ ಕಿರ್ದಿ ಖಾಲಿ ಮಾಡುವಾಗ ‘ನಾವು’ ಎಂದು ಮರಳುತ್ತಿತ್ತು. ಆ ಸಂಜೆ ಕಿರ್ದಿ ನೋಡದೆ ಹೋಗಿದ್ದರೂ 20ರ ಬೆಳಿಗ್ಗೆ ಆ ಸಾಲು ‘ಚಲನ್’ ಎಂದೇ ಉಳಿದು ಹಳದಿಯಾಗಿ, ಹಣ ಕಟ್ಟಿದಿರಾ ಎಂದು ಅವರಿಗೆ ಫೋನು ಮಾಡಿಸುತ್ತಿತ್ತು.

ಈ ಐದು ಪದಗಳಲ್ಲಿ ನಾವು ಬಹಳ ಕಾಲ ಅಲಕ್ಷಿಸಿದ್ದು ಓಟಿಪಿಯನ್ನು. ಕಚೇರಿಯಲ್ಲಿ ಕುಳಿತವರಿಗೆ ಅದು ಅರ್ಧ ನಿಮಿಷದ ಕೆಲಸವೆನ್ನಿಸುತ್ತದೆ. ಆದರೆ ಪಾರ್ಟಿ ಅಡಿಕೆ ತೋಟದಲ್ಲಿದ್ದರೆ, ಫೋನು ಮನೆಯಲ್ಲಿ ಚಾರ್ಜಿಗೆ ಹಾಕಿದ್ದರೆ, ನೋಂದಾಯಿಸಿದ ನಂಬರು ಬೆಂಗಳೂರಿನಲ್ಲಿರುವ ಮಗನದಾಗಿದ್ದರೆ, ಆ ಅರ್ಧ ನಿಮಿಷಕ್ಕೆ ಎರಡು ದಿನ ಬೇಕಾಗುತ್ತದೆ. ಹಾಳೆಯಲ್ಲಿ ನಾಲ್ಕು ತಿಂಗಳು ಇದನ್ನು ಗಮನಿಸಿದ ಮೇಲೆ ಪ್ರತಿ ಪಾರ್ಟಿಗೂ ಓಟಿಪಿಗೆ ಅನುಕೂಲವಾದ ಹೊತ್ತನ್ನು ಕೇಳಿ ಇನ್ನೊಂದು ಕಾಲಮ್‌ನಲ್ಲಿ ಬರೆದಿಟ್ಟೆವು. ಅಂಗಡಿಯವರಿಗೆ ಮಧ್ಯಾಹ್ನ ಎರಡರಿಂದ ಮೂರು, ತೋಟದವರಿಗೆ ರಾತ್ರಿ ಎಂಟು. ಇಡೀ ವ್ಯವಸ್ಥೆಯಲ್ಲಿ ನಮಗೆ ಹೆಚ್ಚು ಸಮಯ ಉಳಿಸಿದ್ದು ಯಾವುದೆಂದು ಕೇಳಿದರೆ ನಾನು ಈ ಒಂದು ಕಾಲಮನ್ನೇ ತೋರಿಸುತ್ತೇನೆ, ಅದಕ್ಕೆ ಯಾವ ಸೂತ್ರವೂ ಇಲ್ಲ.

ಹೆಸರುಗಳು ಬೇರೆಯೇ ತೊಡಕನ್ನು ತಂದವು. ಸಿದ್ಧಗಂಗೆಯ ಸೀಮೆಯಲ್ಲಿ ಶಿವಕುಮಾರ ಎಂಬ ಹೆಸರಿಗೆ ಬರವಿಲ್ಲ. ನನ್ನ 64 ಪಾರ್ಟಿಗಳಲ್ಲಿ ಐವರು ಶಿವಕುಮಾರರು, ನಾಲ್ವರು ಮಂಜುನಾಥರು. ಒಬ್ಬ ಶಿವಕುಮಾರರ ಬ್ಯಾಂಕ್ ವಿವರ ಇನ್ನೊಬ್ಬ ಶಿವಕುಮಾರರ ಕಡತಕ್ಕೆ ಹೋಗಿ, ಎರಡು ದಿನ ಇಬ್ಬರ ಲೆಕ್ಕವೂ ತಾಳೆಯಾಗದೆ ಕುಳಿತಿದ್ದೆವು. ಅದೇ ಹೆಸರನ್ನು ಕನ್ನಡದಲ್ಲಿ ಒಂದು ಕಡೆ, ಇಂಗ್ಲಿಷಿನಲ್ಲಿ ಕೊನೆಯ ಅಕ್ಷರ ಬಿಟ್ಟು ಇನ್ನೊಂದು ಕಡೆ ಬರೆದಿದ್ದರೆ ಹುಡುಕಾಟವೂ ಕೈಕೊಡುತ್ತದೆ. ಆಮೇಲೆ ಪ್ರತಿ ಪಾರ್ಟಿಗೂ 01ರಿಂದ 64ರವರೆಗೆ ಒಂದು ಸಂಖ್ಯೆ ಕೊಟ್ಟು, ಹಾಳೆಯ ಸಾಲು, ಗೂಗಲ್ ಡ್ರೈವ್‌ನ ಫೋಲ್ಡರು, ಕಪಾಟಿನ ಕಾಗದದ ಕಡತ ಮೂರಕ್ಕೂ ಅದನ್ನೇ ಹಾಕಿದೆವು. ಜಿಎಸ್‌ಟಿ ಸಂಖ್ಯೆಯನ್ನೇ ಬಳಸಬಹುದಿತ್ತಲ್ಲ ಎಂದು ಕೇಳಬಹುದು. ಅದರಲ್ಲಿ ಹದಿನೈದು ಅಕ್ಷರ, ಮೊದಲ ಎರಡು ಕರ್ನಾಟಕದ 29, ನಂತರದ ಹತ್ತು ಪ್ಯಾನ್. ಫೋನಿನಲ್ಲಿ ಹೇಳಿಕೊಳ್ಳಲು ಅದು ಬಲು ಉದ್ದ. “ಮೂವತ್ತೇಳರದು ಬಂತಾ?” ಎಂದು ಕೇಳುವುದು ಸುಲಭ.

ಹಳೆಯ ಕಡತಗಳನ್ನು ಒಳಗೆ ತರುವಾಗ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳು ಸಾಕುಸಾಕು ಮಾಡಿದವು. ಇಲಾಖೆಗೆ ಬರೆದ ಉತ್ತರಗಳು, ಒಪ್ಪಿಗೆ ಪತ್ರದ ಮಾದರಿಗಳು ಇತ್ಯಾದಿ ಸುಮಾರು ಮುನ್ನೂರು ಕಡತಗಳನ್ನು ಆ ಫಾಂಟುಗಳಲ್ಲಿ ಬೆರಳಚ್ಚು ಮಾಡಿಟ್ಟಿದ್ದೆ. ಅವುಗಳನ್ನು ಫೋನಿನಲ್ಲಿ ತೆರೆದರೆ ಕಾಣುವುದು ತಲೆಯ ಮೇಲೆ ಟೋಪಿ, ಕೊಂಬು ಹೊತ್ತ ರೋಮನ್ ಅಕ್ಷರಗಳ ಜಾತ್ರೆ. ಆ ಫಾಂಟುಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರವನ್ನು ಕೂರಿಸುತ್ತಿದ್ದವು. ಫಾಂಟು ಇಲ್ಲದ ಕಡೆ ಚಿತ್ರವೂ ಇಲ್ಲ, ಒಳಗಿನ ಪದವನ್ನು ಹುಡುಕುವುದಕ್ಕೂ ಆಗದು. ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನಗಳಿರುವುದರಿಂದ ಈ ತೊಂದರೆ ಇಲ್ಲ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಕನ್ನಡವನ್ನು ಬಹುಮಟ್ಟಿಗೆ ಸರಿಯಾಗಿಯೇ ತಿರುಗಿಸುತ್ತವೆ. ಆದರೆ ಪತ್ರದ ನಡುವೆ ಇದ್ದ ಜಿಎಸ್‌ಟಿ ಸಂಖ್ಯೆಯ ಇಂಗ್ಲಿಷ್ ಅಕ್ಷರಗಳನ್ನೂ ನನ್ನ ಪರಿವರ್ತಕ ಕನ್ನಡವೆಂದೇ ತಿಳಿದು, ಅರ್ಥವಿಲ್ಲದ ಒತ್ತಕ್ಷರಗಳನ್ನು ಮಾಡಿಟ್ಟಿತು. ನೋಟಿಸಿನ ಉತ್ತರದಲ್ಲಿ ಸಂಖ್ಯೆಯೇ ತಪ್ಪಿದರೆ ಗತಿಯೇನು? ಕೊನೆಗೆ ಮುನ್ನೂರರಲ್ಲಿ ಈಗಲೂ ಬೇಕಾಗುವ 40 ಕಡತಗಳನ್ನು ಮಾತ್ರ ಕೂತು ತಿದ್ದಿ, ಉಳಿದವನ್ನು ಪಿಡಿಎಫ್ ಮಾಡಿ ಬದಿಗಿಟ್ಟೆ.

ಪಾಸ್‌ವರ್ಡುಗಳ ವಿಷಯದಲ್ಲಿ ಮಾತ್ರ ನಾನು ಹಾಳೆಯನ್ನು ನಂಬಲಿಲ್ಲ. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಎಲ್ಲರ ಪಾಸ್‌ವರ್ಡನ್ನೂ ಬರೆದು ಮೇಜಿನ ಖಾನೆಯಲ್ಲಿಡುವ ನಮ್ಮ ವೃತ್ತಿಯ ರೂಢಿಯನ್ನು ಬಿಟ್ಟು, ಕೀಪಾಸ್‌ಎಕ್ಸ್‌ಸಿ ಎಂಬ ತಿಜೋರಿಗೆ ಎಲ್ಲವನ್ನೂ ವರ್ಗಾಯಿಸಿದೆ. ಅದು ಉಚಿತ, ಕಡತ ನಮ್ಮ ಯಂತ್ರದಲ್ಲೇ ಬೀಗ ಹಾಕಿಕೊಂಡು ಇರುತ್ತದೆ. ಅದರ ಮುಖ್ಯ ಪಾಸ್‌ವರ್ಡ್ ಮರೆತರೆ ಯಾರನ್ನು ಕೇಳಿಯೂ ಉಪಯೋಗವಿಲ್ಲವಾದ್ದರಿಂದ, ಅದನ್ನು ಕಾಗದದಲ್ಲಿ ಬರೆದು ಲಕೋಟೆಗೆ ಗೋಂದು ಹಚ್ಚಿ ಮನೆಯ ಬೀರುವಿನಲ್ಲಿಟ್ಟಿದ್ದೇನೆ. ನನ್ನ ಹೆಂಡತಿಗೆ ಮಾತ್ರ ಜಾಗ ಗೊತ್ತು.

ಒಮ್ಮೆ ಈ ಹಾಳೆಯನ್ನು ನಾನೇ ಕೆಡಿಸಿದೆ. 17ನೇ ತಾರೀಕು, ಹಳದಿ ಸಾಲುಗಳನ್ನು ಮೇಲೆ ತರೋಣವೆಂದು ಒಂಬತ್ತನೆಯ ಕಾಲಮನ್ನಷ್ಟೇ ಆರಿಸಿ ಇಳಿಕೆ ಕ್ರಮದಲ್ಲಿ ಜೋಡಿಸಿದೆ. ಇದರಲ್ಲಿ ಸೂತ್ರವಿತ್ತು, ಏನೂ ಆಗಲಿಲ್ಲ. ಹಾಗಾದರೆ ಏಳನೆಯದನ್ನು ಜೋಡಿಸೋಣವೆಂದು ಅದೊಂದನ್ನೇ ಆರಿಸಿದೆ. ಹೆಸರುಗಳು ಇದ್ದಲ್ಲೇ ಇದ್ದವು, ಸ್ಥಿತಿಗಳು ಮಾತ್ರ ಮೇಲೆ ಕೆಳಗೆ ಓಡಿದವು. ಬಿಲ್ಲನ್ನೇ ಕೊಡದವರ ಮುಂದೆ ‘ಮುಗಿಯಿತು’, ಅಂದು ಬೆಳಿಗ್ಗೆ ಸಲ್ಲಿಸಿದವರ ಮುಂದೆ ‘ಪಾರ್ಟಿ’. ನಾನು ಅದನ್ನು ಗಮನಿಸಿದ್ದು ಊಟವಾದ ಮೇಲೆ, ಮೂರು ಜನಕ್ಕೆ ಫೋನು ಮಾಡಿ ಕೊಟ್ಟಾಗಿರುವ ಬಿಲ್ಲನ್ನು ಮತ್ತೆ ಕೇಳಿ ಬೈಸಿಕೊಂಡ ನಂತರ. ಗೂಗಲ್ ಶೀಟ್ಸ್ ಹಿಂದಿನ ಆವೃತ್ತಿಗಳನ್ನು ಉಳಿಸಿಕೊಂಡಿರುವುದರಿಂದ ಬೆಳಿಗ್ಗೆ 10:40ರ ಹಾಳೆಗೆ ಮರಳಲು ಸಾಧ್ಯವಾಯಿತು. ಅಂದಿನಿಂದ ಹಾಳೆಯನ್ನು ಜೋಡಿಸುವುದಿಲ್ಲ, ಫಿಲ್ಟರ್ ವ್ಯೂ ಮೂಲಕವೇ ನೋಡುತ್ತೇವೆ. ನೋಟ ಬದಲಾದರೂ ಅಡಿಯಲ್ಲಿರುವುದು ಅಲುಗುವುದಿಲ್ಲ. ಪ್ರತಿ ಶನಿವಾರ ಹಾಳೆಯ ಒಂದು ಪ್ರತಿ ಪೆನ್‌ಡ್ರೈವಿಗೂ ಹೋಗುತ್ತದೆ.

ಸರಿಹೋಗದೆ ಉಳಿದಿರುವುದೂ ಇದೆ. ಬಿಲ್ಲುಗಳನ್ನು ಜವಳಿ ಅಂಗಡಿಯ ಚೀಲದಲ್ಲಿ ತುಂಬಿ ತಂದು ಮೇಜಿನ ಮೇಲೆ ಸುರಿಯುವ ಪಾರ್ಟಿಗಳು ನಾಲ್ವರಿದ್ದಾರೆ, ಅವರಿಗೆ ಫೋಟೊ ತೆಗೆದು ಕಳುಹಿಸಿ ಎಂದು ಹೇಳುವುದನ್ನು ಬಿಟ್ಟಿದ್ದೇನೆ. ಏಳು ನಿಮಿಷದ ಧ್ವನಿ ಸಂದೇಶದಲ್ಲಿ ಮಗಳ ಮದುವೆ, ಬೋರ್‌ವೆಲ್ಲು, ಅಡಿಕೆ ಧಾರಣೆ ಎಲ್ಲ ಹೇಳಿ ಕೊನೆಯ ಇಪ್ಪತ್ತು ಸೆಕೆಂಡಿನಲ್ಲಿ ಕೆಲಸ ಹೇಳುವ ಹಿರಿಯರೊಬ್ಬರಿದ್ದಾರೆ. ಅವರದನ್ನು ಕೇಳುವಾಗ ಇಂದಿಗೂ ಪೆನ್ನು ಕಾಗದವನ್ನೇ ಹಿಡಿಯುತ್ತೇನೆ. ಕಿರ್ದಿಯನ್ನು ಸಂಜೆ ಖಾಲಿ ಮಾಡುವ ನಿಯಮ ವಾರಕ್ಕೊಮ್ಮೆಯಾದರೂ ತಪ್ಪುತ್ತದೆ, ಮರುದಿನ ಬೆಳಿಗ್ಗೆ ಅದರ ದಂಡವನ್ನು ತೆರುತ್ತೇನೆ.

ಇದನ್ನು ಬರೆಯುತ್ತಿರುವ ಇಂದು 17ನೇ ತಾರೀಕು. ಹಾಳೆಯಲ್ಲಿ ಮುಗಿಯದ ಸಾಲುಗಳು ಹದಿನಾಲ್ಕು: ಪಾರ್ಟಿ ಏಳು, ಚಲನ್ ಎರಡು, ಓಟಿಪಿ ಒಂದು, ನಾವು ನಾಲ್ಕು. ಹಳದಿಯಾಗಿರುವುದು ಎರಡು ಸಾಲು. ಒಂದು ಓಟಿಪಿಯದು, ಅವರು ಧರ್ಮಸ್ಥಳಕ್ಕೆ ಹೋಗಿದ್ದಾರೆ, ನಾಳೆ ಬರುತ್ತಾರೆ. ಇನ್ನೊಂದು ಐದು ದಿನದಿಂದ ‘ನಾವು’ ಎಂದು ನಿಂತಿದೆ. ಈ ಲೇಖನಕ್ಕೆ ಕುಳಿತುಕೊಳ್ಳುವ ಮೊದಲು ಅದನ್ನು ಮುಗಿಸಬಹುದಿತ್ತು.